ತಡಮಾಡುವುದು ತವಕ್ಕುಲ್ ಅಲ್ಲ



ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿರಿ. ಪಾವಗಡ ತಾಲೂಕಿನ ಒಂದು ಹಳ್ಳಿ. ಗಂಟೆ ಎರಡಾಗಿದೆ. ಮನೆಯ ಯಜಮಾನರು ಹಾಸಿಗೆಯಲ್ಲಿ ಎದ್ದು ಕುಳಿತಿದ್ದಾರೆ. ಎದೆಯ ನಡುವೆ ಚಪ್ಪಡಿ ಇಟ್ಟಂತೆ ಭಾರ, ಎಡತೋಳಿನಲ್ಲಿ ಸೆಳೆತ, ಮೈಯೆಲ್ಲ ತಣ್ಣನೆಯ ಬೆವರು. ಪತ್ನಿ ಗಾಬರಿಯಾಗುತ್ತಾರೆ. "ಏನಿಲ್ಲ, ಗ್ಯಾಸ್ ಇರಬೇಕು. ಹುಡುಗರನ್ನು ಎಬ್ಬಿಸಬೇಡ, ಬೆಳಗ್ಗೆ ನೋಡೋಣ" ಎಂದು ಅವರೇ ಸಮಾಧಾನ ಹೇಳುತ್ತಾರೆ. ಜೀರಿಗೆ ಕಷಾಯವಾಗುತ್ತದೆ, ಎದೆಗೆ ಎಣ್ಣೆ ತಿಕ್ಕಿದ್ದಾಗುತ್ತದೆ. ನೋವು ಸ್ವಲ್ಪ ತಗ್ಗಿದಂತೆ ಕಾಣುತ್ತದೆ. ಫಜ್ರ್‌ನ ಅಝಾನ್ ಆಗುವ ಹೊತ್ತಿಗೆ ಅದು ಮತ್ತೆ ಬರುತ್ತದೆ, ಈ ಸಲ ಉಸಿರೂ ಕಟ್ಟುತ್ತದೆ. ಮಗ ಎದ್ದು ವಾಹನಕ್ಕಾಗಿ ಓಡುತ್ತಾನೆ. ಒಬ್ಬರ ಮನೆಯಲ್ಲಿ ವಾಹನವಿದೆ, ಚಾಲಕನಿಲ್ಲ. ಇನ್ನೊಬ್ಬರಲ್ಲಿ ಚಾಲಕನಿದ್ದಾನೆ, ಡೀಸೆಲ್ ಇಲ್ಲ. ಆಸ್ಪತ್ರೆಯ ಬಾಗಿಲು ಮುಟ್ಟುವಾಗ ಬೆಳಗಿನ ಎಂಟು ಗಂಟೆ. ನೋವು ಆರಂಭವಾಗಿ ಆರು ತಾಸುಗಳು ಕಳೆದಿವೆ.

ಈ ಮನೆ ಕಲ್ಪನೆಯದ್ದು. ಆದರೆ ಆ ಆರು ತಾಸು ಕಲ್ಪನೆಯದ್ದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರ ಮುಂದಾಳುತನದಲ್ಲಿ ಭಾರತದ ಅನೇಕ ನಗರಗಳ 20,937 ಹೃದ್ರೋಗಿಗಳ ಬಗ್ಗೆ ನಡೆದ ದೊಡ್ಡ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ತೀವ್ರ ಸ್ವರೂಪದ ಹೃದಯಾಘಾತವಾದವರು ನೋವು ಕಾಣಿಸಿಕೊಂಡ ಮೇಲೆ ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಮ ಅವಧಿ 360 ನಿಮಿಷ. ಅಂದರೆ ಅರ್ಧದಷ್ಟು ಮಂದಿ ಆರು ತಾಸುಗಳಿಗಿಂತಲೂ ತಡವಾಗಿ ಬಂದರು. ಆಸ್ಪತ್ರೆಯೊಳಗೆ ಬಂದ ಮೇಲೆ ರಕ್ತದ ಹೆಪ್ಪನ್ನು ಕರಗಿಸುವ ಔಷಧ ಸಿಗಲು ಹಿಡಿದ ಅವಧಿ 50 ನಿಮಿಷ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ವಿಳಂಬಕ್ಕಾಗಿ ನಾವು ಸಾಮಾನ್ಯವಾಗಿ ದೂರುವುದು ಆಸ್ಪತ್ರೆಯನ್ನು. ಆದರೆ ಹೆಚ್ಚಿನ ಸಮಯ ಕಳೆದುಹೋಗುವುದು ನಮ್ಮ ಮನೆಯಲ್ಲಿ ಮತ್ತು ನಮ್ಮ ರಸ್ತೆಯಲ್ಲಿ.

ಹಾಗಾದರೆ ಇದು ಕೇವಲ ವೈದ್ಯರ ವಿಷಯವೇ? ನಮ್ಮ ಈಮಾನಿಗೂ ನಡತೆಗೂ ಇದರಲ್ಲಿ ಸಂಬಂಧವಿಲ್ಲವೇ?

ಒಂದೊಂದು ನಿಮಿಷದ ಬೆಲೆ

ಹೃದಯಾಘಾತವೆಂದರೆ ಹೃದಯಕ್ಕೇ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿ ದಾರಿ ಮುಚ್ಚಿಹೋಗುವುದು. ರಕ್ತ ಸಿಗದ ಭಾಗದ ಸ್ನಾಯು ಅರ್ಧ ಗಂಟೆಯ ಆಸುಪಾಸಿನಲ್ಲಿ ಸಾಯತೊಡಗುತ್ತದೆ. ಕೆಲವು ತಾಸುಗಳಲ್ಲಿ ಆ ಭಾಗ ಬಹುಪಾಲು ಸತ್ತುಹೋಗುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಬದುಕುಳಿದವನೂ ತಡಮಾಡಿದ್ದರೆ ದುರ್ಬಲ ಹೃದಯದೊಂದಿಗೆ, ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತಾ ಉಳಿದ ಆಯುಷ್ಯ ಕಳೆಯಬೇಕಾದೀತು.

1986ರಲ್ಲಿ ಇಟಲಿಯ ವೈದ್ಯರು ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಹೆಪ್ಪು ಕರಗಿಸುವ ಔಷಧವನ್ನು ಪರೀಕ್ಷಿಸಿದರು. ನೋವು ಆರಂಭವಾದ ಮೊದಲ ಒಂದು ತಾಸಿನೊಳಗೆ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೂರರಿಂದ ಆರು ತಾಸಿನ ನಡುವೆ ಸಿಕ್ಕವರಲ್ಲಿ ಆ ಲಾಭ ಶೇಕಡಾ 17ಕ್ಕೆ ಕುಗ್ಗಿತು. ಅದೇ ಔಷಧ, ಅದೇ ರೋಗ. ವ್ಯತ್ಯಾಸ ಸಮಯದ್ದು ಮಾತ್ರ. ಪವಿತ್ರ ಕುರ್‌ಆನಿನ ಒಂದು ಪುಟ್ಟ ಅಧ್ಯಾಯದಲ್ಲಿ ಅಲ್ಲಾಹನು ಕಾಲದ ಮೇಲೆಯೇ ಆಣೆಯಿಟ್ಟು ಮಾನವನು ನಷ್ಟದಲ್ಲಿದ್ದಾನೆಂದು ಎಚ್ಚರಿಸಿದ್ದಾನೆ. ಕಾಲವು ಕೈಜಾರುವುದೆಂದರೆ ಏನೆಂಬುದು ಹೃದಯಾಘಾತವಾದವನ ಮಂಚದ ಬಳಿ ನಿಂತವರಿಗೆ ಚೆನ್ನಾಗಿ ಗೊತ್ತು.

ಅಜಲ್ ನಿಶ್ಚಿತವಲ್ಲವೇ?

ಇಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುತ್ತಾರೆ. ಪ್ರತಿಯೊಬ್ಬನ ಅಜಲ್, ಅಂದರೆ ಮರಣದ ಅವಧಿ ಮೊದಲೇ ನಿಶ್ಚಿತವಾಗಿದೆ. ಅದು ಒಂದು ಗಳಿಗೆ ಹಿಂದೆಯೂ ಹೋಗದು, ಮುಂದೆಯೂ ಹೋಗದು. ಹಾಗಿರುವಾಗ ಮಧ್ಯರಾತ್ರಿ ಓಡಾಡಿ ಏನು ಪ್ರಯೋಜನ? ಇದು ತಮಾಷೆಯ ಪ್ರಶ್ನೆಯಲ್ಲ. ನಮ್ಮ ವಿಶ್ವಾಸದ ಒಂದು ಮೂಲಾಂಶವನ್ನೇ ಆಧರಿಸಿ ಕೇಳುವ ಪ್ರಶ್ನೆ. ಆದ್ದರಿಂದ ಗಂಭೀರವಾಗಿಯೇ ಉತ್ತರಿಸಬೇಕು.

ಅಜಲ್ ನಿಶ್ಚಿತವೆಂಬುದು ಸತ್ಯ. ಆದರೆ ಅದು ಯಾವಾಗ ಎಂಬುದು ನಿಮಗೆ ಗೊತ್ತಿದೆಯೇ? ಇಲ್ಲ. ನಿಮಗೆ ಗೊತ್ತಿರುವುದು ಇಷ್ಟೇ: ಎದೆಯಲ್ಲಿ ನೋವಿದೆ, ಔಷಧವಿದೆ, ಬೇಗ ಹೋದರೆ ಅದು ಫಲ ಕೊಡುತ್ತದೆ. ಗೊತ್ತಿಲ್ಲದ ವಿಷಯವನ್ನು ಆಧಾರ ಮಾಡಿಕೊಂಡು ಗೊತ್ತಿರುವ ಕರ್ತವ್ಯವನ್ನು ಬಿಡುವುದು ವಿಶ್ವಾಸವೇ, ಅಥವಾ ಆಲಸ್ಯಕ್ಕೆ ವಿಶ್ವಾಸದ ಉಡುಪು ತೊಡಿಸುವುದೇ? ರಿಝ್ಕ್ ಕೂಡ ನಿಶ್ಚಿತವೇ ತಾನೇ? ಹಾಗೆಂದು ಸಿರಾದ ರೈತ ಶೇಂಗಾ ಬಿತ್ತದೆ ಕುಳಿತಿದ್ದಾನೆಯೇ? ಮಧುಗಿರಿಯ ವರ್ತಕ ಅಂಗಡಿಗೆ ಬೀಗ ಹಾಕದೆ ಮನೆಗೆ ಹೋಗುತ್ತಾನೆಯೇ? ಅಂಗಡಿಯ ವಿಷಯದಲ್ಲಿ ಬೀಗವನ್ನೂ ಪ್ರಾಣದ ವಿಷಯದಲ್ಲಿ ಮಾತ್ರ ತಕ್ದೀರನ್ನೂ ನಂಬುವವನು ತನ್ನ ಮನಸ್ಸನ್ನು ಒಮ್ಮೆ ತಾನೇ ಪರೀಕ್ಷಿಸಿಕೊಳ್ಳಲಿ.

ಒಂಟೆಯನ್ನು ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ) ಮೊದಲು ಅದನ್ನು ಕಟ್ಟಿಹಾಕಲು, ಬಳಿಕ ಭರವಸೆ ಇಡಲು ಹೇಳಿದ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ಹಝ್ರತ್ ಉಮರ್(ರ) ಸಿರಿಯಾ ಕಡೆಗೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಬಂತು. ಅವರು ಹಿಂದಿರುಗಲು ನಿರ್ಧರಿಸಿದಾಗ ಹಝ್ರತ್ ಅಬೂ ಉಬೈದಾ(ರ), ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಕೇಳಿದರು. ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ಉಮರ್(ರ) ಉತ್ತರಿಸಿದರು. ರೋಗ ಅವನ ವಿಧಿಯಾದರೆ ಔಷಧವೂ ಅವನದೇ ವಿಧಿ. ಹೆಪ್ಪುಗಟ್ಟಿದ ರಕ್ತ ಅವನ ವಿಧಿಯಾದರೆ, ಅದನ್ನು ಕರಗಿಸುವ ಗುಣವನ್ನು ಒಂದು ಚುಚ್ಚುಮದ್ದಿನಲ್ಲಿ ಇಟ್ಟದ್ದೂ ಅವನೇ.

ಎದೆಯ ಮೇಲೆ ಇಟ್ಟ ಆ ಕೈ

ನಮ್ಮ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಹದೀಸ್ ಅಬೂದಾವೂದ್‌ನಲ್ಲಿದೆ. ಹಝ್ರತ್ ಸಅದ್(ರ) ಅಸ್ವಸ್ಥರಾದಾಗ ಪ್ರವಾದಿವರ್ಯರು(ಸ) ಅವರನ್ನು ನೋಡಲು ಹೋದರು. ತಮ್ಮ ಕೈಯನ್ನು ಅವರ ಎದೆಯ ಮೇಲಿಟ್ಟರು. ಆ ಕೈಯ ತಂಪು ತಮ್ಮ ಹೃದಯಕ್ಕೆ ತಾಗಿತೆಂದು ಸಅದ್(ರ) ಹೇಳುತ್ತಾರೆ. ಇದು ಹೃದಯದ ಕಾಯಿಲೆ ಎಂದು ತಿಳಿಸಿದ ಪ್ರವಾದಿವರ್ಯರು(ಸ), ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದ ಎಂಬವರು ವೈದ್ಯವೃತ್ತಿ ಬಲ್ಲವರೆಂದು ಹೇಳಿ ಅವರ ಬಳಿಗೆ ಹೋಗಲು ಸೂಚಿಸಿದರು. ಔಷಧವಾಗಿ ಮದೀನಾದ ಅಜ್ವಾ ಖರ್ಜೂರವನ್ನೂ ತಿಳಿಸಿದರು.

ಓದುಗರೇ, ಈ ಘಟನೆಯನ್ನು ನಿಧಾನವಾಗಿ ಮತ್ತೊಮ್ಮೆ ಓದಿರಿ. ಪ್ರವಾದಿಯವರ(ಸ) ಪ್ರಾರ್ಥನೆಗಿಂತ ಮಿಗಿಲಾದ ಪ್ರಾರ್ಥನೆ ಯಾವುದಿದೆ? ಅವರ ಕೈಗಿಂತ ಬರ್ಕತ್ತಿನ ಕೈ ಯಾವುದಿದೆ? ಆದರೂ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ಕಲೆಯನ್ನು ಬಲ್ಲವನ ಬಳಿಗೆ ಕಳುಹಿಸಿದರು. ಹಾರಿಸ್ ಇಸ್ಲಾಮ್ ಸ್ವೀಕರಿಸಿದ್ದರೇ ಇಲ್ಲವೇ ಎಂಬ ಬಗ್ಗೆಯೇ ಚರಿತ್ರೆಕಾರರಲ್ಲಿ ಭಿನ್ನಾಭಿಪ್ರಾಯವಿದೆ. ವೈದ್ಯನಲ್ಲಿ ನೋಡಬೇಕಾದುದು ಮೊದಲು ಅವನ ವಿದ್ಯೆಯನ್ನು ಎಂಬ ಪಾಠವೂ ಇದರಲ್ಲಿದೆ. ಇಂದು ನಮ್ಮಲ್ಲಿ ಎದೆನೋವು ಬಂದವನಿಗೆ ನೀರು ಊದಿ ಕೊಡುವವರಿದ್ದಾರೆ. ದುಆ ಮಾಡಿರಿ, ಖಂಡಿತ ಮಾಡಿರಿ. ಆದರೆ ವಾಹನದಲ್ಲಿ ಕುಳಿತು, ಆಸ್ಪತ್ರೆಯ ದಾರಿಯಲ್ಲಿ ಮಾಡಿರಿ.

ಸದ್ಗುಣಗಳ ಮರೆಯಲ್ಲಿ

ನಮ್ಮ ಮನೆಗಳಲ್ಲಿ ತಡವಾಗುವುದಕ್ಕೆ ಕಾರಣ ದುಷ್ಟತನವಲ್ಲ. ಬಹುಮಟ್ಟಿಗೆ ನಾವು ಸದ್ಗುಣವೆಂದು ತಿಳಿದಿರುವುದೇ ಅದಕ್ಕೆ ಕಾರಣ. ತಂದೆ ಮಕ್ಕಳ ನಿದ್ದೆ ಕೆಡಿಸಬಾರದೆಂದು ಸುಮ್ಮನಿರುತ್ತಾರೆ. ತಾಯಿ ಸಾಲದ ಭಯದಿಂದ ನೋವನ್ನು ನುಂಗುತ್ತಾರೆ. ಅದಕ್ಕೆ ಸಬ್ರ್ ಎಂದು ಹೆಸರಿಡುತ್ತೇವೆ. ಪರಿಹಾರವಿಲ್ಲದ ಕಷ್ಟವನ್ನು ಸಹಿಸುವುದು ಸಬ್ರ್. ಪರಿಹಾರ ಕೈಗೆ ಎಟಕುವಲ್ಲಿ ಇದ್ದೂ ಸುಮ್ಮನಿರುವುದು ಸಬ್ರ್ ಅಲ್ಲ. ಶರೀರ ನಮ್ಮ ಸೊತ್ತಲ್ಲ, ಅದು ಅಮಾನತ್. ತಮ್ಮ ಕೈಯಾರೆ ತಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳಬಾರದೆಂದು ಕುರ್‌ಆನ್ ನಿರ್ದೇಶಿಸುತ್ತದೆ. ಮನೆಯ ದುಡಿಯುವ ಕೈಯೊಂದು ಅಕಾಲದಲ್ಲಿ ಬಿದ್ದರೆ ವಿಧವೆಯೂ ಅನಾಥ ಮಕ್ಕಳೂ ಅನುಭವಿಸುವ ಕಷ್ಟದ ಮುಂದೆ ಒಂದು ರಾತ್ರಿಯ ನಿದ್ದೆಗೆಡುವುದು ಯಾವ ಲೆಕ್ಕ?

ಸ್ತ್ರೀಯರ ವಿಷಯದಲ್ಲಿ ತಡ ಇನ್ನೂ ಹೆಚ್ಚು. ಸ್ತ್ರೀಯರಲ್ಲಿ, ವೃದ್ಧರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ಎದೆನೋವಿಲ್ಲದೆಯೂ ಬರಬಹುದು. ಹಠಾತ್ ಉಸಿರುಗಟ್ಟುವಿಕೆ, ವಿಪರೀತ ಸುಸ್ತು, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವಾಗಿ ಅದು ಕಾಣಿಸಿಕೊಳ್ಳಬಹುದು. ಅದನ್ನು ಅಡುಗೆಮನೆಯ ಆಯಾಸವೆಂದು ತಳ್ಳಿಹಾಕುತ್ತೇವೆ. ಜೊತೆಗೆ, ಇಸಿಜಿಗಾಗಿ ಎದೆಯ ಮೇಲೆ ತಂತಿಗಳನ್ನು ಅಂಟಿಸಬೇಕಲ್ಲವೇ, ಪುರುಷ ಸಿಬ್ಬಂದಿಯಿದ್ದರೆ ಹೇಗೆ ಎಂಬ ಅಳುಕು ಬೇರೆ. ಮಹಿಳಾ ಸಿಬ್ಬಂದಿಯನ್ನು ಕೇಳುವುದು ನಿಮ್ಮ ಹಕ್ಕು. ಆದರೆ ಅವರಿಲ್ಲವೆಂದು ಕಾಯುವುದು ಧರ್ಮವಲ್ಲ. ಅನಿವಾರ್ಯತೆಯು ನಿಷಿದ್ಧವನ್ನೂ ಅನುಮತಿಸುತ್ತದೆ ಎಂಬುದು ನಮ್ಮ ಕರ್ಮಶಾಸ್ತ್ರದ ಪ್ರಸಿದ್ಧ ನಿಯಮ. ಪ್ರವಾದಿಯವರ(ಸ) ಕಾಲದಲ್ಲಿ ಹಝ್ರತ್ ರುಬಯ್ಯಿಅ್ ಬಿಂತ್ ಮುಅವ್ವಿಝ್‌ರಂತಹ(ರ) ಮಹಿಳೆಯರು ಯುದ್ಧಭೂಮಿಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ್ದು ಬುಖಾರಿಯಲ್ಲಿ ದಾಖಲಾಗಿದೆ. ರಮಝಾನಿನಲ್ಲಿ ಉಪವಾಸ ಕೆಡುವುದೆಂದು ಮಾತ್ರೆ ನುಂಗದೆ ಮಗ್ರಿಬ್‌ಗೆ ಕಾಯುವವರೂ ಇದ್ದಾರೆ. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಅವನ ರಿಯಾಯಿತಿಯನ್ನು ನಿರಾಕರಿಸಿ ಯಾರನ್ನು ಮೆಚ್ಚಿಸಲು ಹೊರಟಿದ್ದೇವೆ?

"ಹೋದ ಮೇಲೆ ಗ್ಯಾಸ್ ಎಂದು ಗೊತ್ತಾದರೆ ಜನ ನಗುವುದಿಲ್ಲವೇ?" ಎಂದು ಕೇಳಬಹುದು. ನಗಲಿ. ಇಸಿಜಿಯಲ್ಲಿ ಏನೂ ಇಲ್ಲವೆಂದು ತಿಳಿದರೆ ಅಲ್‌ಹಮ್ದುಲಿಲ್ಲಾಹ್ ಎಂದು ಮನೆಗೆ ಬನ್ನಿರಿ. ಆ ತಪ್ಪನ್ನು ತಿದ್ದಿಕೊಳ್ಳಬಹುದು, ಇನ್ನೊಂದನ್ನು ತಿದ್ದಿಕೊಳ್ಳಲಾಗದು.

ಹತ್ತಿರದ ಬಾಗಿಲು

ಮಧುಗಿರಿ ಉಪವಿಭಾಗದ ನಾಲ್ಕು ತಾಲೂಕುಗಳನ್ನು ಗಮನಿಸಿರಿ. ಕೊರಟಗೆರೆಯಿಂದ ತುಮಕೂರಿಗೆ ಸುಮಾರು 25 ಕಿ.ಮೀ., ಮಧುಗಿರಿಯಿಂದ 40ಕ್ಕೂ ಹೆಚ್ಚು, ಸಿರಾದಿಂದ ಸುಮಾರು 50, ಪಾವಗಡದಿಂದ 100ರ ಆಸುಪಾಸು. ಪಾವಗಡವಂತೂ ಬಹುಪಾಲು ಆಂಧ್ರಪ್ರದೇಶದಿಂದಲೇ ಸುತ್ತುವರಿದಿದೆ. ತುಮಕೂರಿನಿಂದ ಬೆಂಗಳೂರಿಗೆ ಮತ್ತೆ 70 ಕಿ.ಮೀ. ಅಂಗತಿಗಳು, ಮಂಚ, ಬಂಡಿಗಳ ಕಾಲ ಹೋಗಿ ಹೆದ್ದಾರಿ ಬಂದರೂ ದೂರ ದೂರವೇ. ಆದ್ದರಿಂದ ಸ್ವಲ್ಪ ಅನುಕೂಲವಿರುವ ಕುಟುಂಬಗಳು ಸರಕಾರಿ ಆಸ್ಪತ್ರೆಯನ್ನು ದಾಟಿ ನೇರವಾಗಿ ಬೆಂಗಳೂರಿಗೆ ಧಾವಿಸುತ್ತವೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ತಪ್ಪು ದಿಕ್ಕಿನ ಧಾವಂತವೂ ವಿಳಂಬವೇ.

ಇಂದಿನ ವೈದ್ಯಕೀಯ ತಿಳುವಳಿಕೆ ಹೀಗಿದೆ: ಹತ್ತಿರದ ಆಸ್ಪತ್ರೆಯಲ್ಲಿ ಹತ್ತು ನಿಮಿಷದೊಳಗೆ ಇಸಿಜಿ. ಹೃದಯಾಘಾತ ಖಚಿತವಾಗಿ, ದೊಡ್ಡ ಆಸ್ಪತ್ರೆ ದೂರವಿದ್ದರೆ, ರಕ್ತಸ್ರಾವದ ಅಪಾಯವಿಲ್ಲವೆಂದು ವೈದ್ಯರು ನೋಡಿಕೊಂಡು ಅಲ್ಲಿಯೇ ಹೆಪ್ಪು ಕರಗಿಸುವ ಚುಚ್ಚುಮದ್ದು. ಆ ಮೇಲೆ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ, ಆಂಜಿಯೋಗ್ರಾಮ್‌ಗಾಗಿ. ನೆರೆಯ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಹೀಗೆ ಜೋಡಿಸಿ 2,420 ರೋಗಿಗಳನ್ನು ಅಧ್ಯಯನ ಮಾಡಿದರು. 2017ರಲ್ಲಿ ಪ್ರಕಟವಾದ ಆ ವರದಿಯಂತೆ ಒಂದು ವರ್ಷದೊಳಗಿನ ಸಾವಿನ ಪ್ರಮಾಣ ಶೇಕಡಾ 17.6ರಿಂದ 14.2ಕ್ಕೆ ಇಳಿಯಿತು. ನೂರರಲ್ಲಿ ಮೂರಕ್ಕೂ ಹೆಚ್ಚು ಪ್ರಾಣಗಳು. ಒಂದು ಪ್ರಾಣವನ್ನು ಉಳಿಸುವುದು ಇಡೀ ಮನುಕುಲವನ್ನು ಉಳಿಸಿದುದಕ್ಕೆ ಸಮಾನವೆಂದು ಕಲಿತ ನಾವು ಈ ಸಂಖ್ಯೆಯನ್ನು ಸಣ್ಣದೆಂದು ಕಾಣಲಾರೆವು.

ನಮ್ಮ ರಾಜ್ಯದಲ್ಲಿಯೂ ಇದೇ ಮಾದರಿಯ ಹೃದಯ ಜ್ಯೋತಿ ಯೋಜನೆ ಬಂದಿದೆ. 2021ರಲ್ಲಿ 46ನೆಯ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜಕುಮಾರ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಕೆಲವೇ ನಿಮಿಷಗಳಲ್ಲಿ ಉತ್ತರಿಸುತ್ತಾರೆ. ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಜಯದೇವದಂತಹ ಹೃದ್ರೋಗ ಸಂಸ್ಥೆಗಳು ಇದರ ಕೇಂದ್ರಗಳು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳು ರಾಜ್ಯದಲ್ಲೆಲ್ಲ ಕಳವಳ ಉಂಟುಮಾಡಿದಾಗ, ಇದನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರಕಾರ ಪ್ರಕಟಿಸಿತು. ಆಗ ಗಾಬರಿಗೊಂಡ ಜನ ತಪಾಸಣೆಗಾಗಿ ಸಾಲುಗಟ್ಟಿ ನಿಂತರು. ಗಾಬರಿ ಕೆಲವೇ ವಾರಗಳಲ್ಲಿ ಕರಗಿತು. ಆದರೆ ಪ್ರತಿ ರಾತ್ರಿಯ ಆ ಸದ್ದಿಲ್ಲದ ವಿಳಂಬ ಹಾಗೆಯೇ ಉಳಿದಿದೆ.

ಸಮುದಾಯದ ಹೊಣೆ

"ಇದೆಲ್ಲ ಸರಿ, ಆದರೆ ದಿನಗೂಲಿಯವನು ಏನು ಮಾಡಬೇಕು? ವಾಹನವಿಲ್ಲ, ಹಣವಿಲ್ಲ, ಓದು ಬರಹವಿಲ್ಲ." ಈ ಆಕ್ಷೇಪ ನ್ಯಾಯವಾದುದು. ಮೇಲೆ ಹೇಳಿದ 2008ರ ಅಧ್ಯಯನದಲ್ಲಿ ಮೂವತ್ತು ದಿನಗಳೊಳಗೆ ಸತ್ತವರ ಪ್ರಮಾಣ ಶ್ರೀಮಂತರಲ್ಲಿ ಶೇಕಡಾ 5.5 ಇದ್ದರೆ ಬಡವರಲ್ಲಿ 8.2 ಇತ್ತು. ಕಾರಣವನ್ನು ಹುಡುಕಿದಾಗ ಈ ಅಂತರ ಹುಟ್ಟಿದ್ದು ಬಡವರ ಶರೀರದಿಂದಲ್ಲ, ಅವರಿಗೆ ಸಿಕ್ಕ ಚಿಕಿತ್ಸೆಯಿಂದ ಎಂದು ಕಂಡುಬಂತು. ಒಂದೇ ರೋಗದಲ್ಲಿ ಬಡವನು ಬಡವನಾದುದಕ್ಕಾಗಿಯೇ ಹೆಚ್ಚು ಸಾಯುವುದನ್ನು ತಕ್ದೀರ್ ಎಂದು ಕರೆದು ನಾವು ಕೈತೊಳೆದುಕೊಳ್ಳಬಹುದೇ? ಒಬ್ಬನಿಗೆ ಸಾಧ್ಯವಾಗದ ಕರ್ತವ್ಯವು ಸಮುದಾಯದ ಮೇಲೆ ಬರುತ್ತದೆ. ಮಯ್ಯಿತನ್ನು ಹೊರುವುದು ಫರ್ಝ್ ಕಿಫಾಯಃ ಆದರೆ, ಜೀವವಿರುವವನನ್ನು ಆಸ್ಪತ್ರೆಗೆ ಹೊರುವುದು ಅದಕ್ಕಿಂತ ಕಡಿಮೆಯೇ? ನಮ್ಮ ಮಸೀದಿಗಳಲ್ಲಿ ಜನಾಝಾದ ಸಂದೂಕ ಯಾವಾಗಲೂ ಸಿದ್ಧವಾಗಿರುತ್ತದೆ. ರಾತ್ರಿ ಎರಡು ಗಂಟೆಗೆ ಹೊರಡುವ ಒಂದು ವಾಹನ ಸಿದ್ಧವಾಗಿದೆಯೇ?

ಆದ್ದರಿಂದ ಈ ವಾರವೇ ಕೆಲವು ಕೆಲಸಗಳನ್ನು ಮಾಡೋಣ. 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿರುವ 108 ಆಂಬುಲೆನ್ಸ್‌ನ ಸಂಖ್ಯೆ ಮನೆಯ ಮಕ್ಕಳಿಗೂ ಬಾಯಿಪಾಠವಿರಲಿ. ಆಂಬುಲೆನ್ಸ್ ಬರಲು ತಡವಾಗುವ ಹಳ್ಳಿಗಳಲ್ಲಿ ವಾಹನವುಳ್ಳ ಮೂರು ನಾಲ್ಕು ಯುವಕರ ಹೆಸರು, ಸಂಖ್ಯೆಗಳನ್ನು ಮಸೀದಿಯ ಫಲಕದಲ್ಲಿ ಬರೆದಿಡಿರಿ. ಯಾವ ಜಾತಿ ಮತದ ನೆರೆಯವನು ಬಾಗಿಲು ಬಡಿದರೂ ಆ ವಾಹನ ಹೊರಡಲಿ. ಜಮಾಅತಿನ ಇಬ್ಬರು ಹಿರಿಯರು ತಾಲೂಕು ಆಸ್ಪತ್ರೆಗೆ ಹೋಗಿ, ರಾತ್ರಿ ಇಸಿಜಿ ತೆಗೆಯುವವರು ಇರುತ್ತಾರೆಯೇ, ಚುಚ್ಚುಮದ್ದು ದಾಸ್ತಾನಿದೆಯೇ ಎಂದು ಮರ್ಯಾದೆಯಿಂದ ಕೇಳಿ ತಿಳಿದುಕೊಳ್ಳಲಿ. ಇಲ್ಲವಾದರೆ ಬೇಡಿಕೆ ಸಲ್ಲಿಸಲಿ. ಅದು ಭಿಕ್ಷೆಯಲ್ಲ. ತುರ್ತು ಚಿಕಿತ್ಸೆ ಪ್ರತಿಯೊಬ್ಬ ವೈದ್ಯನ ಹೊಣೆಯೆಂದು 1989ರಲ್ಲಿಯೂ, ಸಕಾಲದಲ್ಲಿ ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು 1996ರಲ್ಲಿಯೂ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಇಮಾಮರು ವರ್ಷಕ್ಕೊಮ್ಮೆಯಾದರೂ ಜುಮಾ ಭಾಷಣದಲ್ಲಿ ಹೃದಯಾಘಾತದ ಲಕ್ಷಣಗಳನ್ನು ಹೇಳಲಿ. ನೋವು ಬಂದವನು ತಾನೇ ಬೈಕು ಓಡಿಸಿಕೊಂಡು ಹೋಗದಿರಲಿ. ಬಂದ ರಸ್ತೆಯಲ್ಲಿ ಆಂಬುಲೆನ್ಸಿಗೆ ದಾರಿ ಬಿಡೋಣ. ರಸ್ತೆಯ ಮುಳ್ಳು ಸರಿಸುವುದು ಈಮಾನಿನ ಭಾಗವಾದರೆ ನಮ್ಮ ವಾಹನವನ್ನು ಸರಿಸುವುದೂ ಅದರ ಭಾಗವೇ.

ಕಳೆದುಹೋದವರ ಬಗ್ಗೆ

ಈ ಸಾಲುಗಳನ್ನು ಓದುವಾಗ ಕೆಲವರ ಕಣ್ಣು ತುಂಬಿರಬಹುದು. "ಅಂದು ನಾನು ಅಬ್ಬಾರನ್ನು ಒಂದು ಗಂಟೆ ಮೊದಲೇ ಕರೆದೊಯ್ದಿದ್ದರೆ" ಎಂಬ ಮಾತು ಅನೇಕ ಮಕ್ಕಳನ್ನು ವರ್ಷಗಟ್ಟಲೆ ಸುಡುತ್ತದೆ. ಅವರಿಗೆ ಒಂದು ಮಾತು. ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಹದೀಸಿನಲ್ಲಿ ಪ್ರವಾದಿವರ್ಯರು(ಸ) ಮೊದಲು, ಪ್ರಯೋಜನಕರವಾದುದಕ್ಕಾಗಿ ಶ್ರಮಿಸಲು, ಅಲ್ಲಾಹನ ನೆರವು ಬೇಡಲು, ಕೈಲಾಗದವರಂತೆ ಕುಳಿತಿರದಿರಲು ಆದೇಶಿಸಿದ್ದಾರೆ. ಅದಾದ ಬಳಿಕ, ಏನಾದರೂ ಸಂಭವಿಸಿಬಿಟ್ಟರೆ ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು ಎಂದು ಹಲುಬಬಾರದು, ಅದು ಶೈತಾನನಿಗೆ ಬಾಗಿಲು ತೆರೆಯುತ್ತದೆ ಎಂದಿದ್ದಾರೆ. ಈ ಕ್ರಮವನ್ನು ಗಮನಿಸಿರಿ. ತಕ್ದೀರ್ ಎಂಬುದು ಕಳೆದುಹೋದ ರಾತ್ರಿಗೆ ಸಾಂತ್ವನ, ಬರಲಿರುವ ರಾತ್ರಿಗೆ ನೆಪವಲ್ಲ. ನಾವು ಮಾಡುವ ತಪ್ಪೆಂದರೆ ಈ ಕ್ರಮವನ್ನು ತಿರುವುಮುರುವಾಗಿಸುವುದು. ನೋವು ಬಂದಾಗ ತಕ್ದೀರ್ ಎನ್ನುತ್ತೇವೆ, ಪ್ರಾಣ ಹೋದ ಮೇಲೆ "ಹೀಗೆ ಮಾಡಿದ್ದರೆ" ಎನ್ನುತ್ತೇವೆ. ತಿಳಿಯದೆ ತಡಮಾಡಿದವರನ್ನು ಅಲ್ಲಾಹನು ಕ್ಷಮಿಸುವನೆಂದು ಆಶಿಸೋಣ. ಆದರೆ ನಾವೀಗ ತಿಳಿಯದವರಲ್ಲ.

ಸಹೋದರ ಸಹೋದರಿಯರೇ, ಆ ರಾತ್ರಿ ನಿಮ್ಮ ಮನೆಗೂ ಬರಬಹುದು. ನಿಮ್ಮ ಮನೆಯ ಹಿರಿಯರು ಎದೆಯ ಮೇಲೆ ಕೈಯಿಟ್ಟುಕೊಂಡು, ಹುಡುಗರನ್ನು ಎಬ್ಬಿಸಬೇಡ ಎನ್ನಬಹುದು. ಹಿರಿಯರ ಮಾತನ್ನು ಮೀರಬಾರದೆಂದು ನಾವು ಕಲಿತಿದ್ದೇವೆ. ಆ ಒಂದು ಮಾತನ್ನು ಮಾತ್ರ ಮೀರಿರಿ. ಹುಡುಗರನ್ನು ಎಬ್ಬಿಸಿರಿ, ನೆರೆಯವರ ಬಾಗಿಲು ಬಡಿಯಿರಿ, ಬಿಸ್ಮಿಲ್ಲಾಹ್ ಹೇಳಿ ಹೊರಡಿರಿ. ಫಲವು ಅಲ್ಲಾಹನ ಕೈಯಲ್ಲಿದೆ. ಹೊರಡುವುದು ನಮ್ಮ ಕೈಯಲ್ಲಿದೆ.